ನಮ್ಮ ಹುಡುಗರನ್ನು ನಾವೇ ಕಾಯಬೇಕು



ಈ ಸಂಚಿಕೆಗೆ ಸ್ಕಾಲರ್‌ಶಿಪ್ಪಿನ ವಿಷಯ ಬರೆಯಬೇಕೆಂದು ಕೂತಿದ್ದೆ. ಅರ್ಧ ಹಾಳೆ ತುಂಬಿಯೂ ಇತ್ತು. ಅಷ್ಟರಲ್ಲಿ ಬಾಗಿಲಿಗೆ ಒಬ್ಬ ಹುಡುಗ ಬಂದು ನಿಂತ. ಕೈಯಲ್ಲಿ ತಗಡಿನ ಟ್ರಂಕು, ಕಂಕುಳಲ್ಲಿ ಸುತ್ತಿದ ಚಾಪೆ. ‘ಅಣ್ಣಾ, ಹಾಸ್ಟೆಲಿಂದ ಆಚೆಗೆ ಹಾಕಿಬಿಟ್ರು’ ಅಂದ. ಅಷ್ಟು ಹೇಳಿ ಟ್ರಂಕಿನ ಮೇಲೇ ಕೂತುಬಿಟ್ಟ.

ಹುಡುಗ ಯಾರು ಅನ್ನುವುದು ಬೇಡ. ಯಾವ ಹಾಸ್ಟೆಲು ಅನ್ನುವುದೂ ಬೇಡ. ಬಿ.ಎ. ಎರಡನೇ ವರ್ಷ. ಅಪ್ಪ ಅವ್ವ ಕೂಲಿ. ಅವನ ಕೇರಿಯಲ್ಲಿ ಪಿಯುಸಿ ದಾಟಿದ ಮೊದಲ ಹುಡುಗ ಅವನೇ. ಹಾಸಿಗೆ ಕೆಳಗೆ ಗಾಂಜಾ ಪೊಟ್ಟಣ ಸಿಕ್ಕಿತಂತೆ. ‘ಸೇದಿದ್ದು ನಿಜ ಅಣ್ಣಾ, ಸುಳ್ಳು ಹೇಳಲ್ಲ’ ಅಂದ. ಯಾವಾಗಿಂದ ಸೇದುತ್ತೀಯ, ಯಾಕೆ ಸೇದುತ್ತೀಯ, ಯಾರು ಕೊಟ್ಟರು ಅಂತ ಒಬ್ಬರೂ ಕೇಳಲಿಲ್ಲ. ಊರಿಗೆ ಒಂದು ಫೋನೂ ಹೋಗಲಿಲ್ಲ. ಒಂದು ಗಂಟೆಯಲ್ಲಿ ಅವನ ಓದು ಮುಗಿಯಿತು.

ನಾಲ್ಕು ರಾತ್ರಿ ಬನಶಂಕರಿ ಬಸ್ ಸ್ಟ್ಯಾಂಡಿನ ಸುತ್ತಮುತ್ತ ಮಲಗಿದ್ದಾನೆ. ಐದನೇ ದಿನ ಅವನನ್ನು ಹುಡುಕಿಕೊಂಡು ಒಬ್ಬ ಬಂದ. ವಾರ್ಡನ್ ಅಲ್ಲ, ಮೇಷ್ಟ್ರಲ್ಲ, ನಾವೂ ಅಲ್ಲ. ಪೊಟ್ಟಣ ಕೊಟ್ಟವನೇ ಬಂದ. ‘ಮಗಾ, ರೂಮಿನ ಬಾಡಿಗೆ ನಾನ್ ನೋಡ್ಕೋತೀನಿ, ಊಟಾನೂ ನಂದೇ. ಸಾಯಂಕಾಲ ಎರಡು ಕಡೆ ತಲುಪಿಸಿ ಬಾ, ಅಷ್ಟೆ’ ಅಂದನಂತೆ. ಆ ಮಾತು ಕೇಳಿ ಹೆದರಿಕೊಂಡು ಹುಡುಗ ನಮ್ಮ ಬಾಗಿಲಿಗೆ ಬಂದಿದ್ದಾನೆ.

ಹಾಸ್ಟೆಲು ಬಾಗಿಲು ಹಾಕಿಕೊಂಡಿತು. ಮಾರುವವನು ಬಾಗಿಲು ತೆರೆದು ನಿಂತ. ನಾವು ಎಲ್ಲಿದ್ದೆವು? ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಸ್ಕಾಲರ್‌ಶಿಪ್ಪಿನ ಹಾಳೆಯನ್ನು ಪಕ್ಕಕ್ಕಿಟ್ಟು ಇದನ್ನು ಬರೆಯುತ್ತಿದ್ದೇನೆ. ತೆಗೆದುಕೊಳ್ಳುವ ಹುಡುಗನೇ ಇಲ್ಲದ ಮೇಲೆ ಸ್ಕಾಲರ್‌ಶಿಪ್ ಯಾರಿಗೆ?

*

ನಾವಿರುವುದು ಎಂಥ ಜಾಗ ನೋಡಿ. ಜಯನಗರಕ್ಕೆ ತಳಪಾಯ ಬಿದ್ದದ್ದು 1948ರಲ್ಲಿ. ಅಗಲವಾದ ರಸ್ತೆ, ಸಾಲು ಮರ, ಬ್ಲಾಕಿಗೊಂದು ಪಾರ್ಕು. ಬಿ.ಟಿ.ಎಂ. ಅಂದರೆ ಭೈರಸಂದ್ರ, ತಾವರೆಕೆರೆ, ಮಡಿವಾಳ. ಮೂರು ಊರು ಸೇರಿ ಮೂರು ಇಂಗ್ಲಿಷ್ ಅಕ್ಷರ ಆದವು. ಜೆ.ಪಿ. ನಗರಕ್ಕೆ ಜಯಪ್ರಕಾಶ ನಾರಾಯಣರ ಹೆಸರಿಟ್ಟರು. ಅದರ ಹೊಟ್ಟೆಯೊಳಗೆ ಸಾರಕ್ಕಿ, ಪುಟ್ಟೇನಹಳ್ಳಿ, ಜರಗನಹಳ್ಳಿ ಇನ್ನೂ ಉಸಿರಾಡುತ್ತಿವೆ. ಈ ಲೇಔಟುಗಳ ರಸ್ತೆ ಗುಡಿಸುವವರು, ಮನೆ ಒರೆಸುವವರು, ಗಾರೆ ಕಲಸುವವರು, ಮೋರಿ ತೆಗೆಯುವವರು ಹಿಂದಿನ ಸಂದಿಗಳಲ್ಲಿ ಇದ್ದಾರೆ. ಅವರ ಮಕ್ಕಳೂ, ರಾಯಚೂರು ಕಲಬುರಗಿ ಚಾಮರಾಜನಗರದ ಕಡೆಯಿಂದ ಓದಲು ಬಂದ ನಾವೂ ಒಂದೇ ಬಸ್ಸಿಗೆ ನಿಲ್ಲುತ್ತೇವೆ.

ಇಲ್ಲಿ ಒಂದೇ ಪದಾರ್ಥಕ್ಕೆ ಎರಡು ಹೆಸರು. ಮೇಲಿನ ಮಹಡಿಯ ಗಾಜಿನ ಹಿಂದೆ ಕುಡಿದರೆ ಅದು ಪಾರ್ಟಿ. ಕೇರಿಯ ಹುಡುಗ ಕುಡಿದರೆ ಅದು ಜಾತಿ ಬುದ್ಧಿ. ಕಾರಿನಲ್ಲಿ ಕೂತು ಸೇದಿದವನ ಅಪ್ಪನಿಗೆ ಲಾಯರು ಗೊತ್ತು. ಪೊಟ್ಟಣ ತಂದುಕೊಟ್ಟ ಹುಡುಗನ ಅಪ್ಪನಿಗೆ ಸ್ಟೇಷನ್ನಿನ ಬಾಗಿಲೂ ಗೊತ್ತಿಲ್ಲ. ಮಾಲು ಎಲ್ಲಿಂದಲೋ ಬರುತ್ತದೆ, ದುಡ್ಡು ಎಲ್ಲಿಗೋ ಹೋಗುತ್ತದೆ. ನಡುವೆ ಹಿಡಿಯಲು ಸಿಗುವ ಕುತ್ತಿಗೆ ಮಾತ್ರ ನಮ್ಮದು.

ಆದ್ದರಿಂದಲೇ ನಮ್ಮಲ್ಲಿ ಕೆಲವರು, ‘ಇದನ್ನೆಲ್ಲ ಯಾಕೆ ಬರೀತೀಯೋ, ನಮ್ಮ ಹುಡುಗರ ಮರ್ಯಾದೆ ಹೋಗುತ್ತೆ, ಹಾಸ್ಟೆಲುಗಳ ಹೆಸರು ಕೆಡುತ್ತೆ’ ಅನ್ನುತ್ತಾರೆ. ಆ ಭಯ ಸುಳ್ಳಲ್ಲ. ಹಾಸ್ಟೆಲುಗಳನ್ನು ಮುಚ್ಚಿಸಲು ನೆಪ ಹುಡುಕುವವರು ಇದ್ದೇ ಇದ್ದಾರೆ. ಆದರೆ ಮರ್ಯಾದೆಗೆ ಅಂಜಿ ಗಾಯಕ್ಕೆ ಬಟ್ಟೆ ಸುತ್ತಿಟ್ಟರೆ ಒಳಗೆ ಹುಳ ಬೀಳುತ್ತದೆ. ಮುಚ್ಚಿಟ್ಟು ನಾಲ್ಕು ಹುಡುಗರನ್ನು ಕಳೆದುಕೊಳ್ಳುವುದಕ್ಕಿಂತ ಬಿಚ್ಚಿಟ್ಟು ಒಬ್ಬನನ್ನು ಉಳಿಸಿಕೊಳ್ಳುವುದು ಮೇಲು.

*

ಮೊದಲು ಲೆಕ್ಕ ಸರಿಯಾಗಿ ತಿಳಿದುಕೊಳ್ಳೋಣ. ದೆಹಲಿಯ ಏಮ್ಸ್ ಸಂಸ್ಥೆ ಕೇಂದ್ರ ಸರ್ಕಾರಕ್ಕೆ ಮಾಡಿಕೊಟ್ಟ ರಾಷ್ಟ್ರೀಯ ಸಮೀಕ್ಷೆ 2019ರಲ್ಲಿ ಹೊರಬಂತು. ದೇಶದಲ್ಲಿ 10ರಿಂದ 75 ವಯಸ್ಸಿನವರಲ್ಲಿ ನೂರಕ್ಕೆ 14.6 ಜನ, ಅಂದರೆ ಸುಮಾರು 16 ಕೋಟಿ, ಮದ್ಯ ಕುಡಿಯುವವರು. ಗಾಂಜಾ, ಭಂಗಿ ಸೇರಿ ನೂರಕ್ಕೆ 2.8, ಸುಮಾರು 3.1 ಕೋಟಿ. ಪೇಪರಿನಲ್ಲಿ, ಟಿ.ವಿ.ಯಲ್ಲಿ ದಿನಾ ಕೂಗುವುದು ಡ್ರಗ್ಸ್ ಡ್ರಗ್ಸ್ ಅಂತ. ಎಲ್ಲಕ್ಕಿಂತ ಹೆಚ್ಚು ಮನೆ ಹಾಳು ಮಾಡುತ್ತಿರುವುದು ಲೈಸೆನ್ಸ್ ಇರುವ ಬಾಟಲಿ.

ಅದೇ ಸಮೀಕ್ಷೆಯಲ್ಲಿ ಇನ್ನೊಂದು ಸಾಲಿದೆ. ಮೂಸುವ ಪದಾರ್ಥಗಳು, ಅಂದರೆ ಪಂಕ್ಚರ್ ಅಂಗಡಿಯ ಸಲ್ಯೂಷನ್, ವೈಟ್ನರ್, ಥಿನ್ನರ್ ಇಂಥವು. ಇವುಗಳ ಚಟ ದೊಡ್ಡವರಿಗಿಂತ ಮಕ್ಕಳಲ್ಲೇ ಜಾಸ್ತಿ. 10ರಿಂದ 17 ವಯಸ್ಸಿನ ಮಕ್ಕಳಲ್ಲಿ ನೂರಕ್ಕೆ 1.17, ದೊಡ್ಡವರಲ್ಲಿ 0.58. ದೊಡ್ಡವರನ್ನು ಮಕ್ಕಳು ಮೀರಿಸಿದ್ದು ಇದೊಂದರಲ್ಲೇ. ಯಾಕೆ? ಅಗ್ಗ. ಯಾರೂ ಕೇಳುವುದಿಲ್ಲ. ಹಸಿವು ತಿಳಿಯುವುದಿಲ್ಲ. ಮಾರ್ಕೆಟ್ಟಿನಲ್ಲಿ ಮೂಟೆ ಹೊರುವ, ಚಿಂದಿ ಆಯುವ ಮಗು ಅನ್ನದ ಬದಲು ಬಟ್ಟೆ ಚೂರು ಮೂಸುತ್ತದೆ. ಅದನ್ನು ಮೂಸಿದ ಮೊದಲ ಸಲವೇ ಹೃದಯ ನಿಂತು ಸತ್ತವರಿದ್ದಾರೆ. ಇದು ಮಕ್ಕಳ ತಪ್ಪೇ?

ಇನ್ನು ಗುಟ್ಕಾ. ಕರ್ನಾಟಕದಲ್ಲಿ 2013ರಲ್ಲೇ ನಿಷೇಧವಾಯಿತು. ಕಂಪನಿಗಳು ಏನು ಮಾಡಿದವು? ಅಡಿಕೆ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ. ಎರಡನ್ನೂ ಹರಿದು ಅಂಗೈಯಲ್ಲಿ ಬೆರೆಸಿಕೊಂಡರೆ ಕಾನೂನು ಬಾಯಿ ಮುಚ್ಚಿಕೊಂಡಿತು, ಹುಡುಗ ಬಾಯಿ ತೆರೆದ. ಹೊಸೂರು ರಸ್ತೆಯ ಕಿದ್ವಾಯಿ ಆಸ್ಪತ್ರೆಯ ಮುಂದೆ ಒಂದು ಬೆಳಿಗ್ಗೆ ನಿಂತು ನೋಡಿ. ಗಂಟಲಿಗೆ ಬಟ್ಟೆ ಸುತ್ತಿಕೊಂಡು ಜಗಲಿಯಲ್ಲಿ ಕೂತವರ ಊರು ಕೇಳಿ. ನಮ್ಮ ನಿಮ್ಮ ತಾಲ್ಲೂಕಿನವರೇ.

ನೋವಿನ ಮಾತ್ರೆಗಳ ಕಾಟ ಬೇರೆ ಶುರುವಾಗಿದೆ. ಡಾಕ್ಟರ ಚೀಟಿ ಇಲ್ಲದೆ ಕೊಡಬಾರದ ಟಪೆಂಟಡಾಲ್‌ನಂಥ ಮಾತ್ರೆ ಹುಡುಗರ ಕೈಗೆ ಬರುತ್ತಿದೆ. ಸೂಜಿ ಹಂಚಿಕೊಂಡಲ್ಲಿ ಎಚ್‌ಐವಿ, ಹೆಪಟೈಟಿಸ್ ಹಿಂದೆಯೇ ಬರುತ್ತವೆ. ಹೆಣ್ಣುಮಕ್ಕಳ ಹಾಸ್ಟೆಲುಗಳಲ್ಲಿ ಇಂಥದು ಇಲ್ಲವೇ ಇಲ್ಲ ಅಂತ ಯಾರೂ ಎದೆ ತಟ್ಟಿಕೊಳ್ಳಬೇಡಿ. ಅಲ್ಲಿ ಹೇಳಿಕೊಳ್ಳುವುದು ಹತ್ತು ಪಟ್ಟು ಕಷ್ಟ, ಅಷ್ಟೆ.

*

ಹುಡುಗ ಯಾಕೆ ಕೈ ಹಚ್ಚುತ್ತಾನೆ? ಉಪದೇಶ ಮಾಡುವವರು ಇದನ್ನು ಕೇಳುವುದಿಲ್ಲ. ನಮ್ಮಲ್ಲೇ ಕೇಳಿಕೊಳ್ಳೋಣ.

ಊರಲ್ಲಿ ನೂರಕ್ಕೆ ಎಂಬತ್ತು ತೆಗೆದವನು ಇಲ್ಲಿ ಕ್ಲಾಸಿನಲ್ಲಿ ಇಂಗ್ಲಿಷ್ ಅರ್ಥವಾಗದೆ ಕೂರುತ್ತಾನೆ. ‘ಕೋಟಾದವನಾ?’ ಅಂತ ಒಂದು ನಗೆ. ಭಾನುವಾರ ಬಂದರೆ ಹೋಗಲು ಜಾಗವಿಲ್ಲ. ಕೈಯಲ್ಲಿ ಕಾಸಿಲ್ಲ. ಊರಿಗೆ ಫೋನ್ ಮಾಡಿದರೆ ಅವ್ವ ಸಾಲದ ಮಾತಾಡುತ್ತಾಳೆ. ಅಂಥ ಒಂದು ಸಂಜೆ ಯಾರೋ ಹೆಗಲ ಮೇಲೆ ಕೈ ಹಾಕಿ ‘ಬಾರೋ ಮಗಾ’ ಅನ್ನುತ್ತಾನೆ. ಈ ಊರಲ್ಲಿ ಅವನ ಹೆಗಲ ಮೇಲೆ ಬಿದ್ದ ಮೊದಲ ಕೈ ಅದು. ಹುಡುಗ ಮೊದಲು ಹಿಡಿದದ್ದು ಆ ಕೈಯನ್ನು. ಸೊಪ್ಪು ಆಮೇಲೆ ಬಂತು.

ಆಮೇಲಿನ ಲೆಕ್ಕ ಹೀಗೆ. ಮೊದಲ ಸಲ ಪುಕ್ಕಟೆ. ಎರಡನೇ ಸಲ ಸಾಲ. ಮೂರನೇ ಸಲ ದುಡ್ಡು. ನಾಲ್ಕನೇ ಸಲ ದುಡಿಮೆ. ಈ ಲೆಕ್ಕ ಎಲ್ಲೋ ಕೇಳಿದ ಹಾಗಿಲ್ಲವೇ? ನಮ್ಮ ತಾತಂದಿರು ಮದುವೆಗೆ ಅಂತ ಗೌಡರ ಹತ್ತಿರ ಸಾಲ ತಂದು ಮಗನನ್ನು ಜೀತಕ್ಕೆ ಬಿಟ್ಟರಲ್ಲ, ಅದೇ ಲೆಕ್ಕ. ಜೀತ ಪದ್ಧತಿಯನ್ನು ಕಾನೂನು 1976ರಲ್ಲಿ ರದ್ದು ಮಾಡಿತು. ಇದು ಹೊಸ ಜೀತ. ಹಳೇ ಗೌಡನಿಗೆ ಮುಖವಾದರೂ ಇತ್ತು. ಈ ಗೌಡ ಬರೀ ಒಂದು ಫೋನ್ ನಂಬರು.

*

ನಮ್ಮ ಹಿರಿಯರು ಇದನ್ನು ಅರಿಯದವರಲ್ಲ. ದಲಿತ ಸಂಘರ್ಷ ಸಮಿತಿ 1980ರ ದಶಕದಲ್ಲಿ ಕೂಗಿದ ಕೂಗು ಏನು? ‘ಹೆಂಡ ಬೇಡ, ವಸತಿ ಶಾಲೆ ಬೇಕು.’ ಎಷ್ಟು ಸಣ್ಣ ಮಾತು, ಎಷ್ಟು ದೊಡ್ಡ ತಿಳಿವಳಿಕೆ. ಹೆಂಡ ಬೇಡ ಅಂತ ಅಷ್ಟಕ್ಕೇ ನಿಲ್ಲಿಸಲಿಲ್ಲ. ಅದರ ಜಾಗದಲ್ಲಿ ಏನು ಬೇಕು ಅನ್ನುವುದನ್ನೂ ಹೇಳಿದರು. ನಾವು ಇವತ್ತು ಮಲಗುವ ಹಾಸ್ಟೆಲಿನ ಹಾಸಿಗೆಗಳ ಹಿಂದೆ ಆ ಕೂಗಿನ ಋಣವಿದೆ.

ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನಕ್ಕೆ ಕೊಟ್ಟ 22 ಪ್ರತಿಜ್ಞೆಗಳಲ್ಲಿ ಮದ್ಯ ಮುಟ್ಟುವುದಿಲ್ಲ ಎಂಬುದೂ ಒಂದು. ಬುದ್ಧನ ಪಂಚಶೀಲದಲ್ಲಿ ಐದನೆಯದೂ ಅದೇ. ಇದನ್ನು ಮಡಿವಂತರ ಮಾತಿನ ಹಾಗೆ ಓದಬೇಡಿ. ಮಡಿವಂತನಿಗೆ ಬೇಕಾದ್ದು ಶುದ್ಧಿ. ಬಾಬಾಸಾಹೇಬರಿಗೆ ಬೇಕಾಗಿದ್ದದ್ದು ಎಚ್ಚರವಿರುವ ಮನುಷ್ಯ.

ಸಂವಿಧಾನ ತೆರೆದು 46 ಮತ್ತು 47ನೇ ವಿಧಿಗಳನ್ನು ಓದಿ. ಅಕ್ಕಪಕ್ಕದಲ್ಲೇ ಇವೆ. 46 ಹೇಳುತ್ತದೆ: ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳ ವಿದ್ಯೆ ಮತ್ತು ಆರ್ಥಿಕ ಹಿತವನ್ನು ಸರ್ಕಾರ ವಿಶೇಷ ಗಮನವಿಟ್ಟು ಬೆಳೆಸಬೇಕು, ಶೋಷಣೆಯಿಂದ ಕಾಪಾಡಬೇಕು. 47 ಹೇಳುತ್ತದೆ: ಜನರ ಆಹಾರ, ಆರೋಗ್ಯ ಸುಧಾರಿಸಬೇಕು, ಮಾದಕ ಪಾನೀಯ ಮತ್ತು ಪದಾರ್ಥಗಳ ನಿಷೇಧಕ್ಕೆ ಯತ್ನಿಸಬೇಕು. ಈಗ 2025-26ರ ರಾಜ್ಯ ಬಜೆಟ್ ತೆರೆಯಿರಿ. ಪರಿಶಿಷ್ಟ ಜಾತಿ, ಪಂಗಡಗಳ ಉಪಯೋಜನೆಗೆ ಇಟ್ಟದ್ದು 42,018 ಕೋಟಿ ರೂಪಾಯಿ. ಅಬಕಾರಿಯಿಂದ ವಸೂಲಿ ಮಾಡಬೇಕೆಂದು ಹಾಕಿಕೊಂಡ ಗುರಿ 40,000 ಕೋಟಿ. ಅಬಕಾರಿ ದುಡ್ಡು ಬರೀ ನಮ್ಮವರದಲ್ಲ, ಎಲ್ಲ ಜಾತಿಯ ಕುಡುಕರದ್ದೂ ಹೌದು. ಆದರೂ ಎರಡು ಅಂಕಿಗಳನ್ನು ಪಕ್ಕಪಕ್ಕ ಬರೆದು ಗೋಡೆಗೆ ಅಂಟಿಸಿ. ಒಂದು ಕೈ ಕೊಡುತ್ತದೆ, ಇನ್ನೊಂದು ಕೈ ಜೇಬು ತಡಕುತ್ತದೆ.

ಹಾಗಾದರೆ ಎಲ್ಲವನ್ನೂ ನಿಷೇಧ ಮಾಡಿಬಿಟ್ಟರೆ ಮುಗಿಯಿತೇ? ಬೆಂಗಳೂರಿನ ನೆನಪು ಬೇರೆ ಹೇಳುತ್ತದೆ. 1981ರಲ್ಲಿ ಇದೇ ನಗರದಲ್ಲಿ ವಿಷದ ಹೆಂಡ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಸತ್ತವರು ಬಹುಪಾಲು ಕೂಲಿಗಳು, ಬಡವರು. ಸರ್ಕಾರ 2007ರ ಜುಲೈ 1ರಿಂದ ಸಾರಾಯಿ ನಿಲ್ಲಿಸಿತು. ನಿಲ್ಲಿಸಿದ ಹತ್ತು ತಿಂಗಳಿಗೆ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಆನೇಕಲ್, ಕೋಲಾರದ ಕಡೆ ಮತ್ತು ಗಡಿಯಾಚೆ ತಮಿಳುನಾಡಿನಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಮಾರಾಟ ನಿಲ್ಲಿಸಿದವರು ಕುಡಿಯುವವನ ಕೈ ಹಿಡಿಯಲಿಲ್ಲ. ಹೆಂಡ ಬೇಡ ಅಂದರೆ ವಸತಿ ಶಾಲೆ ಬೇಕು ಅಂತಲೂ ಯಾಕೆ ಹೇಳಬೇಕು ಅನ್ನುವುದು ಇದರಿಂದ ತಿಳಿಯುತ್ತದೆ.

*

ಈಗ ನಮ್ಮ ಬೆನ್ನಿನ ಕಡೆಗೂ ಒಂದು ಸಲ ತಿರುಗಿ ನೋಡೋಣ.

ನಾನು ಪದ್ಯ ಬರೆಯುವವನು. ಕವಿಗೋಷ್ಠಿ ಮುಗಿದ ಮೇಲೆ ಎಲ್ಲಿ ಸೇರುತ್ತೇವೆ ಅನ್ನುವುದು ನಿಮಗೂ ಗೊತ್ತು. ಮೈಕಿನ ಮುಂದೆ ಕ್ರಾಂತಿ, ಮೈಕು ಬಿಟ್ಟ ಮೇಲೆ ಕ್ವಾರ್ಟರು. ಅವ್ವನ ಬೆವರಿನ ಮೇಲೆ ಪದ್ಯ ಓದಿ, ಅವ್ವ ಕಳಿಸಿದ ದುಡ್ಡನ್ನು ಬಾರ್ ಟೇಬಲಿನ ಮೇಲೆ ಇಟ್ಟಿದ್ದೇನೆ. ಕುಡಿಯದವನನ್ನು ‘ಪುಳಿಚಾರ್’ ಅಂತ ಗೇಲಿ ಮಾಡಿದವರಲ್ಲಿ ನಾನೂ ಒಬ್ಬ. ಮೊದಲ ವರ್ಷದ ಹುಡುಗ ಪಕ್ಕದಲ್ಲಿ ಕೂತು ನೋಡುತ್ತಿರುತ್ತಾನೆ. ‘ಅಣ್ಣಂದಿರೇ ಕುಡೀತಾರೆ, ನಾನು ಕುಡಿದರೇನು’ ಅಂದುಕೊಳ್ಳುತ್ತಾನೆ. ಅವನಿಗೆ ಅಂಬೇಡ್ಕರ್ ಫೋಟೋ ತೋರಿಸಿದವರೂ ನಾವೇ, ಗ್ಲಾಸು ಮುಂದಿಟ್ಟವರೂ ನಾವೇ.

ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಬರೆಯದೆ ಇದ್ದರೆ ಈ ಸಂಪಾದಕೀಯ ಸುಳ್ಳಾಗುತ್ತದೆ. ಆದ್ದರಿಂದ ಮೊದಲ ನಿರ್ಣಯ ನಮ್ಮ ಮೇಲೇ ಇರಲಿ: ಸಂಘಟನೆಯ ಸಭೆ, ಅಧ್ಯಯನ ಶಿಬಿರ, ಗೋಷ್ಠಿ, ಪ್ರವಾಸ, ಯಾವುದರ ಬೆನ್ನಿಗೂ ಬಾಟಲಿ ಬೇಡ. ಜಯಂತಿಯ ಮೆರವಣಿಗೆಯಲ್ಲಂತೂ ಖಂಡಿತ ಬೇಡ. ಈ ನಿರ್ಣಯವನ್ನು ಮೊದಲು ಮುರಿಯುವವನು ನಾನಾದರೆ ಈ ಹಾಳೆಯನ್ನು ನನ್ನ ಮುಖಕ್ಕೆ ಹಿಡಿಯಿರಿ.

*

ಚಟ ಒಂದು ಹಂತ ದಾಟಿದ ಮೇಲೆ ಅದು ಕಾಯಿಲೆ. ಮೆದುಳು ಆ ಪದಾರ್ಥಕ್ಕೆ ಒಗ್ಗಿಕೊಂಡಿರುತ್ತದೆ. ಬಿಟ್ಟರೆ ಮೈ ನಡುಗುತ್ತದೆ, ನಿದ್ದೆ ಹೋಗುತ್ತದೆ. ಇಪ್ಪತ್ತರ ಆಸುಪಾಸಿನಲ್ಲಿ ಮೆದುಳು ಇನ್ನೂ ಬಲಿಯುತ್ತಿರುತ್ತದೆ, ಏಟು ಆಗ ಜಾಸ್ತಿ. ದಿನಾ ವಿಪರೀತ ಕುಡಿಯುವವನನ್ನು ರೂಮಿನಲ್ಲಿ ಕೂಡಿಹಾಕಿ ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬಂದು ಜೀವಕ್ಕೇ ಅಪಾಯವಾಗಬಹುದು. ಅದಕ್ಕೇ ಡಾಕ್ಟರು ಬೇಕು. ಸಕ್ಕರೆ ಕಾಯಿಲೆಯವನಿಗೆ ‘ಮನಸ್ಸು ಗಟ್ಟಿ ಮಾಡ್ಕೋ’ ಅಂತ ಹೇಳಿ ಕಳಿಸುತ್ತೀರಾ? ಬಿಟ್ಟವನು ಮತ್ತೆ ಒಂದು ಸಲ ಜಾರಿದರೆ ಅದೂ ಕಾಯಿಲೆಯ ಭಾಗ. ಜಾರಿದ ಅಂತ ಕೈಬಿಡುವುದಲ್ಲ, ಮತ್ತೆ ಹಿಡಿಯುವುದು.

ನಮ್ಮ ಅದೃಷ್ಟಕ್ಕೆ ದೇಶದಲ್ಲೇ ಹೆಸರಾದ ಆಸ್ಪತ್ರೆ ನಮ್ಮ ಬಗಲಲ್ಲಿದೆ. ಡೈರಿ ಸರ್ಕಲ್ ದಾಟಿದರೆ ನಿಮ್ಹಾನ್ಸ್. ಅಲ್ಲಿ ವ್ಯಸನ ಚಿಕಿತ್ಸೆಗೇ ಬೇರೆ ವಿಭಾಗವಿದೆ. ಬಿ.ಟಿ.ಎಂ. ಲೇಔಟಿನಲ್ಲಿ ಅವರದೇ ಮನಃಕ್ಷೇಮ ಕೇಂದ್ರವೂ ಇದೆ. ಬಿಪಿಎಲ್ ಕಾರ್ಡಿನ ಮನೆಯವರಿಗೆ ಖರ್ಚಿನಲ್ಲಿ ರಿಯಾಯಿತಿ ಉಂಟು, ಕಾರ್ಡಿನ ಜೆರಾಕ್ಸ್ ಜೇಬಿನಲ್ಲಿರಲಿ. ಅಲ್ಲಿಗೆ ಹೋದವರೆಲ್ಲ ಹುಚ್ಚರು ಅನ್ನುವ ಮಾತು ಹಳೆಯದು, ಅದನ್ನು ಬಿಟ್ಟುಬಿಡಿ. ಫೋನಿನಲ್ಲೇ ಕೇಳಬೇಕೆಂದರೆ ಮಾದಕ ವ್ಯಸನದ ರಾಷ್ಟ್ರೀಯ ಸಹಾಯವಾಣಿ 14446. ಮನಸ್ಸಿನ ಯಾವುದೇ ಸಂಕಟಕ್ಕೆ 2022ರಲ್ಲಿ ಶುರುವಾದ ಟೆಲಿ ಮಾನಸ್, 14416. ಯಾರಾದರೂ ಪ್ರಜ್ಞೆ ತಪ್ಪಿ ಬಿದ್ದಿದ್ದರೆ ಮಗ್ಗುಲಿಗೆ ಹೊರಳಿಸಿ ಮಲಗಿಸಿ, ಒಬ್ಬನನ್ನೇ ಬಿಡಬೇಡಿ, 108ಕ್ಕೆ ಫೋನ್ ಮಾಡಿ. ಪೊಲೀಸರು ಬರುತ್ತಾರೆಂದು ಹೆದರಿ ತಡ ಮಾಡಿದರೆ ಜೀವ ಹೋಗುತ್ತದೆ.

ಇನ್ನೊಂದು ಎಚ್ಚರಿಕೆ. ವ್ಯಸನ ಬಿಡಿಸುತ್ತೇವೆ ಅಂತ ಬೋರ್ಡು ಹಾಕಿಕೊಂಡು ಹೊಡೆಯುವ, ಕಟ್ಟಿಹಾಕುವ ಜಾಗಗಳೂ ಇವೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಸರಪಳಿ ಹಾಕುವುದು ನಿಷಿದ್ಧ. ಅಂಥ ಕಡೆಗೆ ಯಾರನ್ನೂ ದೂಡಬೇಡಿ.

ಕಾನೂನು ನಮಗೆ ಗೊತ್ತಿಲ್ಲದಿದ್ದರೆ ಅದು ಪೊಲೀಸರ ಲಾಠಿ. ಗೊತ್ತಿದ್ದರೆ ನಮಗೂ ಸ್ವಲ್ಪ ಆಸರೆ. 1985ರ ಮಾದಕ ವಸ್ತುಗಳ ಕಾಯ್ದೆಯಲ್ಲಿ 64ಎ ಅಂತ ಒಂದು ಕಲಂ ಇದೆ. ಸೇವನೆ ಅಥವಾ ಸಣ್ಣ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಮುಂದಾದರೆ ಮೊಕದ್ದಮೆಯಿಂದ ಅವನಿಗೆ ರಕ್ಷಣೆ ಸಿಗುತ್ತದೆ. ಚಿಕಿತ್ಸೆ ಪೂರ್ತಿ ಮಾಡದೆ ಬಿಟ್ಟರೆ ರಕ್ಷಣೆ ಹೋಗಬಹುದು. ದೇಶದ ಕಾನೂನೇ ವ್ಯಸನಿಯನ್ನು ಆಸ್ಪತ್ರೆಗೆ ಕಳಿಸಲು ದಾರಿ ಬಿಟ್ಟಿರುವಾಗ ಒಂದು ಹಾಸ್ಟೆಲು ಅವನನ್ನು ಬೀದಿಗೆ ಯಾಕೆ ಕಳಿಸಬೇಕು? ಮಾರುವವನ ಮಾತು ಬೇರೆ. ಮಕ್ಕಳಿಗೆ ಮದ್ಯ, ಮಾದಕ, ತಂಬಾಕು ಕೊಟ್ಟವನಿಗೆ 2015ರ ಬಾಲ ನ್ಯಾಯ ಕಾಯ್ದೆಯಲ್ಲಿ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ ಇದೆ. ಮಕ್ಕಳ ಕೈಯಲ್ಲಿ ಸಾಗಿಸಿದವನಿಗೂ ಅಷ್ಟೇ. ಶಾಲೆ, ಕಾಲೇಜಿನ ನೂರು ಗಜದೊಳಗೆ ಬೀಡಿ ಸಿಗರೇಟು ಮಾರುವಂತಿಲ್ಲ ಅನ್ನುವುದು 2003ರ ಕಾಯ್ದೆ. ಕರ್ನಾಟಕದಲ್ಲಿ 2025ರಿಂದ 21 ತುಂಬದವರಿಗೆ ತಂಬಾಕು ಮಾರುವುದೇ ಅಪರಾಧ. ನಿಮ್ಮ ಕಾಲೇಜಿನ ಗೇಟಿನಿಂದ ನೂರು ಗಜ ನಡೆದು ನೋಡಿ. ಎಷ್ಟು ಅಂಗಡಿ ಎಣಿಸುತ್ತೀರಿ?

*

‘ನಾವು ನಾಲ್ಕು ಜನ ಏನು ಮಾಡೋಕಾಗುತ್ತೆ?’ ಅನ್ನುವವರಿಗೆ ನಾಲ್ಕು ಸಂಗತಿ ಹೇಳುತ್ತೇನೆ.

ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಹಳ್ಳಿ. 1990ರ ದಶಕದ ಆರಂಭ. ರಾತ್ರಿ ಶಾಲೆಯ ಪುಸ್ತಕದಲ್ಲಿ ಕುಡುಕ ಗಂಡನ ಕತೆ ಓದಿದ ಕೂಲಿ ಹೆಂಗಸರು ಎದ್ದು ಹೋಗಿ ಸಾರಾಯಿ ಅಂಗಡಿ ಮುಚ್ಚಿಸಿದರು. ಊರಿಂದೂರಿಗೆ ಹಬ್ಬಿತು. 1993ರಲ್ಲಿ ಆ ರಾಜ್ಯ ಸಾರಾಯಿ ನಿಷೇಧಿಸಿತು. ಶುರುವಾದದ್ದು ಅಕ್ಷರದಿಂದ.

ನಮ್ಮ ಕರ್ನಾಟಕ. 2019ರ ಜನವರಿ. ರಾಯಚೂರು ಕಡೆಯ ಮತ್ತು ಇತರ ಜಿಲ್ಲೆಗಳ ಸಾವಿರಾರು ಹೆಂಗಸರು ಮದ್ಯ ನಿಷೇಧಿಸಿ ಅಂತ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಬಂದರು. ಸುಮಾರು 200 ಕಿಲೋಮೀಟರು. ಸರ್ಕಾರ ಬಾಗಿಲು ತೆರೆಯಲಿಲ್ಲ. ಆದರೂ ಆ ಕಾಲುಗಳನ್ನು ಮರೆಯುವಂತಿಲ್ಲ. ನಮ್ಮ ಅವ್ವಂದಿರ ಕಾಲುಗಳು ಅವು.

ಅಮೆರಿಕದ ನ್ಯೂಯಾರ್ಕ್. 1970. ಸೌತ್ ಬ್ರಾಂಕ್ಸ್ ಎಂಬ ಬಡವರ ಬಡಾವಣೆಯಲ್ಲಿ ಹೆರಾಯಿನ್ ಮನೆಮನೆ ಹೊಕ್ಕಿತ್ತು. ಲಿಂಕನ್ ಆಸ್ಪತ್ರೆ ಸುಮ್ಮನಿತ್ತು. ಯಂಗ್ ಲಾರ್ಡ್ಸ್ ಎಂಬ ಪೋರ್ಟೊರಿಕೋ ಮೂಲದ ಹುಡುಗರ ಸಂಘಟನೆ, ಬ್ಲ್ಯಾಕ್ ಪ್ಯಾಂಥರ್ಸ್ ಜೊತೆ ಸೇರಿ ಆಸ್ಪತ್ರೆಗೆ ನುಗ್ಗಿ ಕೂತು, ವ್ಯಸನ ಬಿಡಿಸುವ ಕೇಂದ್ರವನ್ನು ಅಲ್ಲೇ ಶುರು ಮಾಡಿಸಿತು. 1972ರಲ್ಲಿ ಮುಂಬಯಿಯ ದಲಿತ ಪ್ಯಾಂಥರ್ಸ್ ಹೆಸರು ಪಡೆದದ್ದು ಆ ಪ್ಯಾಂಥರುಗಳಿಂದಲೇ. ಹೆಸರು ತಂದುಕೊಂಡೆವು. ಆ ಆಸ್ಪತ್ರೆಯ ಕೆಲಸವನ್ನೂ ತರಬೇಕು.

ಐಸ್‌ಲ್ಯಾಂಡ್ ಎಂಬ ಸಣ್ಣ ದೇಶ. ಅಲ್ಲಿ 1998ರಲ್ಲಿ 15-16 ವಯಸ್ಸಿನ ಮಕ್ಕಳಲ್ಲಿ ನೂರಕ್ಕೆ 42 ಮಂದಿ ಹಿಂದಿನ ತಿಂಗಳಲ್ಲಿ ಮತ್ತೇರುವಷ್ಟು ಕುಡಿದವರು. 2016ರ ಹೊತ್ತಿಗೆ ಅದು ನೂರಕ್ಕೆ 5ಕ್ಕೆ ಇಳಿಯಿತು. ಏನು ಮಾಡಿದರು? ಮಕ್ಕಳಿಗೆ ಆಟ, ಸಂಗೀತ, ನೃತ್ಯ ಕಲಿಯಲು ಸರ್ಕಾರ ದುಡ್ಡು ಕೊಟ್ಟಿತು. ತಂದೆತಾಯಿಗಳು ತಂಡ ಕಟ್ಟಿಕೊಂಡು ಸಂಜೆ ಬೀದಿ ಸುತ್ತಿದರು. ಪ್ರತಿ ಶಾಲೆಯಲ್ಲಿ ಲೆಕ್ಕ ತೆಗೆದು ಆ ಊರಿನವರ ಮುಂದೆಯೇ ಇಟ್ಟರು. ಅದು ಶ್ರೀಮಂತ ದೇಶ, ನಿಜ. ಆದರೆ ತಮಟೆ, ಹಾಡು, ಕಬಡ್ಡಿ, ಬೀದಿ ನಾಟಕ ನಮ್ಮಲ್ಲಿ ಇರುವಷ್ಟು ಯಾರಲ್ಲಿದೆ? ಸಂಜೆ ಆರರಿಂದ ಎಂಟರವರೆಗೆ ಹುಡುಗನಿಗೆ ಹೋಗಲು ಒಂದು ಜಾಗ, ಕಾಯುವ ಒಂದಷ್ಟು ಮುಖ. ಮಾರುವವನಿಗೆ ಹೆದರಿಕೆ ಇರುವುದು ಅದೊಂದಕ್ಕೇ.

*

ಹಾಗಾದರೆ ಈಗ ಏನು ಮಾಡೋಣ?

ಒಂದು. ಪ್ರತಿ ಹಾಸ್ಟೆಲಿನಲ್ಲಿ ಐದು ಜನರ ಗೆಳೆಯರ ಸಮಿತಿ. ಸೀನಿಯರು ಇಬ್ಬರು, ಜೂನಿಯರು ಮೂವರು. ಕೆಲಸ ಪತ್ತೇದಾರಿಯಲ್ಲ. ಮೆಸ್ಸಿಗೆ ಬಾರದವನು ಯಾರು, ಕ್ಲಾಸು ಬಿಟ್ಟವನು ಯಾರು, ಒಬ್ಬನೇ ಕೂರುವವನು ಯಾರು ಅಂತ ನೋಡಿ ಪಕ್ಕದಲ್ಲಿ ಕೂರುವುದು. ಹೇಳಿಕೊಂಡ ಮಾತು ಹೊರಗೆ ಹೋಗಬಾರದು.

ಎರಡು. ಬೇಕೆಂದವನ ಜೊತೆ ಆಸ್ಪತ್ರೆಗೆ ಒಬ್ಬರು ಹೋಗುವುದು. ಒಬ್ಬನೇ ಹೋದವನು ಸಾಲು ನೋಡಿ ಹೆದರಿ ವಾಪಸು ಬರುತ್ತಾನೆ. ಇಬ್ಬರಿದ್ದರೆ ಟೀ ಕುಡಿದು ಕಾಯುತ್ತಾರೆ.

ಮೂರು. ಸಮಾಜ ಕಲ್ಯಾಣ ಇಲಾಖೆಗೆ ನಮ್ಮ ಬೇಡಿಕೆ: ವ್ಯಸನದ ಕಾರಣಕ್ಕೆ ಯಾರನ್ನೂ ಹೊರಹಾಕುವ ಮೊದಲು ಡಾಕ್ಟರಿಗೆ ತೋರಿಸಬೇಕು, ಮನೆಯವರನ್ನು ಕರೆಸಬೇಕು, ಚಿಕಿತ್ಸೆ ಪಡೆಯುವವನ ಸೀಟು ಉಳಿಸಬೇಕು. ಹಾಸ್ಟೆಲುಗಳಿಗೆ ಆಪ್ತ ಸಲಹೆಗಾರರು ಬರಬೇಕು. ಮಾರುವವನನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಕಾಯಿಲೆ ಬಿದ್ದವನನ್ನು ಬಿಟ್ಟುಕೊಡುವುದಿಲ್ಲ.

ನಾಲ್ಕು. ಕೇರಿಯ ಅವ್ವಂದಿರ ಸ್ವಸಹಾಯ ಸಂಘಗಳ ಹತ್ತಿರ ಹೋಗೋಣ. ಯಾವ ಸಂದಿಯಲ್ಲಿ ಏನು ಮಾರುತ್ತಾರೆ ಅನ್ನುವುದು ಅವರಿಗೆ ಗೊತ್ತು. ಅರ್ಜಿ ಬರೆಯುವುದು ನಮಗೆ ಗೊತ್ತು. ಎರಡೂ ಸೇರಿದರೆ ಬಲ. ಅಂಗಡಿಯವರ ಹತ್ತಿರವೂ ಮೊದಲು ಮಾತಾಡೋಣ: ಮಕ್ಕಳಿಗೆ ಸಲ್ಯೂಷನ್ ಕೊಡಬೇಡಿ ಅಣ್ಣಾ, ಚೀಟಿ ಇಲ್ಲದೆ ಮಾತ್ರೆ ಕೊಡಬೇಡಿ ಅಣ್ಣಾ ಅಂತ. ಕೇಳದಿದ್ದರೆ ಗುಂಪಾಗಿ ಹೋಗಿ ದೂರು ಕೊಡೋಣ. ಒಬ್ಬೊಬ್ಬರೇ ಹೋಗಿ ಮಾರುವವರ ಎದುರು ನಿಲ್ಲುವ ಹುಂಬತನ ಬೇಡ.

ಐದು. ವಾರಕ್ಕೆ ಎರಡು ಸಂಜೆ ಹಾಡು, ಆಟ, ಇಂಗ್ಲಿಷ್ ಪಾಠ. ಸೀನಿಯರು ಜೂನಿಯರಿಗೆ ಕಲಿಸಲಿ. ಕ್ಲಾಸಿನಲ್ಲಿ ಅರ್ಥವಾದ ಹುಡುಗ ಸಂದಿಗೆ ಹೋಗುವುದು ಕಡಿಮೆ.

*

ಈ ಚಳವಳಿಗೆ ಹಾಸ್ಟೆಲು ಅಂದರೆ ಬರೀ ಅನ್ನದ ಜಾಗವಲ್ಲ. 1973ರಲ್ಲಿ ಬಸವಲಿಂಗಪ್ಪನವರ ಬೂಸಾ ಮಾತಿಗೆ ಗಲಾಟೆ ಎದ್ದಾಗ ಬೀದಿಗಿಳಿದು ನಿಂತವರಲ್ಲಿ ಹಾಸ್ಟೆಲಿನ ಹುಡುಗರು ಮುಂದಿದ್ದರು. ಶ್ರೀರಾಂಪುರದ ಸ್ಲಮ್ಮಿನಲ್ಲಿ ಬೆಳೆದು ಹಾಸ್ಟೆಲಿನಲ್ಲಿ ಓದಿದ ಸಿದ್ಧಲಿಂಗಯ್ಯನವರು 1975ರಲ್ಲಿ ‘ಹೊಲೆ ಮಾದಿಗರ ಹಾಡು’ ತಂದರು. ಆ ಹುಡುಗನನ್ನು ಯಾರಾದರೂ ಒಂದು ಗಂಟೆಯಲ್ಲಿ ಟ್ರಂಕಿನ ಸಮೇತ ಆಚೆ ಹಾಕಿದ್ದರೆ? ನಮ್ಮಲ್ಲಿ ಎಷ್ಟು ಹಾಡು ಹಾಗೆ ಬಸ್ ಸ್ಟ್ಯಾಂಡಿನಲ್ಲಿ ಮಲಗಿ ಸತ್ತಿವೆಯೋ ಯಾರಿಗೆ ಗೊತ್ತು?

ನನ್ನ ಬಾಗಿಲಿಗೆ ಬಂದ ಹುಡುಗ ಈಗ ನಮ್ಮ ರೂಮಿನಲ್ಲೇ ಇದ್ದಾನೆ. ಮರುದಿನ ಬೆಳಿಗ್ಗೆ ಇಬ್ಬರೂ ನಿಮ್ಹಾನ್ಸಿಗೆ ಹೋಗಿ ಸಾಲಿನಲ್ಲಿ ಕೂತೆವು. ಅವನ ಕೈ ನಡುಗುತ್ತಿತ್ತು, ನನಗೂ ಧೈರ್ಯ ಇರಲಿಲ್ಲ. ಮೂರನೇ ವಾರ ಒಂದು ರಾತ್ರಿ ಜಾರಿದ. ಬೆಳಿಗ್ಗೆ ತಾನೇ ಎಬ್ಬಿಸಿ ಹೇಳಿದ. ಮತ್ತೆ ಹೋದೆವು. ಗೆದ್ದ ಅಂತ ಬರೆಯಲಾರೆ. ಇದ್ದಾನೆ, ಓದುತ್ತಿದ್ದಾನೆ, ಪರೀಕ್ಷೆಗೆ ಫೀಸು ಕಟ್ಟಿದ್ದಾನೆ. ಹಾಸ್ಟೆಲಿನ ಅವನ ಸೀಟು ವಾಪಸು ಕೊಡಿ ಅಂತ ಅರ್ಜಿ ಬರೆದಿದ್ದೇವೆ. ಈ ಹಾಳೆ ಮಾರುವ ಹುಡುಗರ ಕೈಯಲ್ಲೇ ಅರ್ಜಿಯೂ ಇದೆ. ಓದಿ, ಸರಿ ಅನಿಸಿದರೆ ಸಹಿ ಹಾಕಿ.

ಸಹಿ ಹಾಕಿ ರೂಮಿಗೆ ಹೋದ ಮೇಲೆ ಪಕ್ಕದ ಹಾಸಿಗೆಯ ಕಡೆ ಒಂದು ಸಲ ನೋಡಿ. ಅವನು ಊಟ ಮಾಡಿದನೇ ಅಂತ ಕೇಳಿ. ಹೋರಾಟ ಅಲ್ಲಿಂದ ಶುರುವಾಗಲಿ.

ಜೈ ಭೀಮ್.

— ಸಂಪಾದಕ